ನನ್ನ ಎದೆ ಆಪರೇಷನ್ನು

ಗಂಡಸಾದವನಿಗೆ ಎದೆಗಾರಿಕೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಶಾಲೆಯ ಕವಾಯತಿನಲ್ಲಿ ಎದೆ ಮುಂದೆ ಮಾಡು ಎಂದು ಕೂಗುತ್ತಾರೆ. ಚುನಾವಣೆಗೆ ನಿಂತವರು ಎದೆ ತಟ್ಟಿಕೊಳ್ಳುತ್ತಾರೆ. ಮಗ ಪಾಸಾದರೆ ಅಪ್ಪ ಎದೆ ಉಬ್ಬಿಸಿ ಬಜಾರದಲ್ಲಿ ಅಡ್ಡಾಡುತ್ತಾನೆ. ನಾನು ಮಾತ್ರ ಮೀಸೆ ಮೂಡುವ ಮೊದಲಿನಿಂದಲೂ ಇಂಥ ಮಾತುಗಳಿಂದ ತಲೆ ತಪ್ಪಿಸಿಕೊಂಡು ತಿರುಗಿದವನು. ಯಾಕೆಂದರೆ ನನ್ನ ಎದೆ ಯಾರೂ ಹೇಳದೆಯೇ ಮುಂದಿತ್ತು. ಅದನ್ನು ಉಬ್ಬಿಸುವ ಕಷ್ಟ ನನಗೆ ಎಂದೂ ಬರಲಿಲ್ಲ. ತಗ್ಗಿಸುವುದರಲ್ಲೇ ಆಯುಷ್ಯ ಹೋಯಿತು. ಇನ್ನೂ ಬಿಡಿಸಿ ಹೇಳಬೇಕೆಂದರೆ, ದೇವರು ಹೆಂಗಸರ ಪಾಲಿಗೆಂದು ಇಟ್ಟದ್ದರಲ್ಲಿ ಸ್ವಲ್ಪವನ್ನು ಕೈತಪ್ಪಿ ನನಗೂ ಬಡಿಸಿಬಿಟ್ಟಿದ್ದ. ಈ ಸಾಲು ಬರೆಯುವಾಗಲೂ ಹಿಂದೆ ಯಾರಾದರೂ ಇಣುಕುತ್ತಿದ್ದಾರೋ ಎಂದು ಒಮ್ಮೆ ತಿರುಗಿ ನೋಡಿದೆ. ಚಾಳಿ ಅಷ್ಟು ಬೇಗ ಬಿಡುವುದಿಲ್ಲ.

ನಾನು ಜೇವರ್ಗಿ ತಾಲ್ಲೂಕಿನ ಕೊಳಕೂರಿನವನು. ಈಗ ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಊರಿನಲ್ಲಿದ್ದಾಗ ನಮ್ಮ ವಾರಿಗೆಯ ಹುಡುಗರು ಬೇಸಿಗೆ ಬಂತೆಂದರೆ ಹೊಲದ ಬಾವಿಗೆ ಈಜಲು ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ, ಆದರೆ ದಂಡೆಯ ಮೇಲೆ ಕುಳಿತು ಅವರ ಅಂಗಿಗಳನ್ನು ಕಾಯುತ್ತಿದ್ದೆ. ಇದರಿಂದಾಗಿ ಊರಲ್ಲಿ ನನಗೆ ಭಾಳ ನಂಬಿಗಸ್ತ ಹುಡುಗ ಎಂಬ ಹೆಸರು ಬಂತು. ಈಜು ಮಾತ್ರ ಬರಲಿಲ್ಲ. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನನಗೆ ಪ್ರತಿ ಸಲವೂ ರಾಣಿಯ ಪಾತ್ರ. ಸೀರೆ ಉಡಿಸುವ ಮಾಸ್ತರು, 'ಇವಗ ಒಳಗ ಅರಿವಿ ತುಂಬೋದು ಬ್ಯಾಡ, ಕೆಲಸ ಉಳೀತು' ಎಂದು ಎಲ್ಲರೆದುರಿಗೆ ಹೇಳಿದ ದಿನ ನಾನು ರಂಗದ ಮೇಲೆ ಖರೇ ಖರೇ ಅತ್ತೆ. ಅಭಿನಯ ಭಾಳ ಸಹಜವಾಗಿ ಬಂತೆಂದು ಬಹುಮಾನ ಕೊಟ್ಟರು. ಕಾಲೇಜಿಗೆ ಬಂದಾಗ ಯಾರೋ, ದಂಡ ಹೊಡೆದರೆ ಎಲ್ಲ ಕರಗುತ್ತದೆ ಎಂದರು. ರೂಮಿನ ಬಾಗಿಲು ಹಾಕಿಕೊಂಡು ಒಂದು ವರ್ಷ ದಂಡ ಹೊಡೆದೆ. ಕರಗಲಿಲ್ಲ; ಕೆಳಗಿನ ಮಾಂಸಖಂಡ ಬೆಳೆದು ಮೇಲಿನದನ್ನು ಇನ್ನಷ್ಟು ಮುಂದಕ್ಕೆ ನೂಕಿತು. ಅಂದಿನಿಂದ ವ್ಯಾಯಾಮದ ಮೇಲೆ ನನಗೆ ವಿಶ್ವಾಸ ಉಳಿದಿಲ್ಲ.

ಕೊನೆಗೆ ನನ್ನನ್ನು ಕಾಪಾಡಿದ್ದು ಜಾಕೀಟು. ತೋಳಿಲ್ಲದ, ದಪ್ಪ ಖಾದಿಯ ಜಾಕೀಟು. ನೌಕರಿ ಸಿಕ್ಕ ವರ್ಷ ಒಂದು ಹೊಲಿಸಿಕೊಂಡೆ, ಆಮೇಲೆ ಅದರ ತಮ್ಮಂದಿರನ್ನು. ನಮ್ಮ ಕಡೆಯ ಬೇಸಿಗೆ ಎಂಥದೆಂದು ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೇ ಕಾಗೆ ಕೂಡ ನೆರಳು ಬಿಟ್ಟು ಕದಲದ ದಿನಗಳಲ್ಲಿ ನಾನು ಮೇಲಿನ ಗುಂಡಿಯವರೆಗೆ ಜಾಕೀಟು ಹಾಕಿಕೊಂಡು ಬೀಜಗಣಿತ ಕಲಿಸುತ್ತಿದ್ದೆ. ಬೆವರು ಸೀಮೆಸುಣ್ಣದವರೆಗೆ ಇಳಿಯುತ್ತಿತ್ತು. ಆದರೆ ಜನ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಮಾಸ್ತರ ರಾಜಕೀಯಕ್ಕೆ ಇಳಿಯುವವರಿದ್ದಾರೆ ಎಂದು ಸುದ್ದಿಯಾಯಿತು. ಚಹಾದಂಗಡಿಯಲ್ಲಿ ನನಗೆ ಎದ್ದು ಜಾಗ ಕೊಡುತ್ತಿದ್ದರು. ಒಮ್ಮೆ ಇಬ್ಬರು ರೈತರು ಬಂದು ತಮ್ಮ ಹೊಲದ ದಾರಿಯ ತಕರಾರು ಹೇಳಿಕೊಂಡು, 'ನೀವೊಂದು ಮಾತು ಹೇಳ್ರಿ ಸಾಹೇಬ್ರ' ಎಂದು ಕೈಮುಗಿದರು. ನಾನು ಗಣಿತದ ಮಾಸ್ತರ ಎಂದರೆ ಒಪ್ಪಲಿಲ್ಲ. ದೊಡ್ಡವರು ಹಾಗೆಯೇ ವಿನಯ ತೋರಿಸುತ್ತಾರೆ ಎಂದು ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು.

ಮದುವೆಯಲ್ಲಿ ಅರಿಶಿಣ ಹಚ್ಚುವಾಗ ನಾನು ಬನಿಯನ್ನು ಬಿಚ್ಚಲಿಲ್ಲ. ಶೀತ ಆಗಿದೆ ಎಂದೆ. ಅದು ಮೇ ತಿಂಗಳು. ನನ್ನ ಹೆಂಡತಿ ಶೋಭಾ ಆಳಂದದವಳು. ಅಲ್ಲಿಯ ಹೆಣ್ಣುಮಕ್ಕಳು ಮಾತನ್ನು ಸುತ್ತಿ ಬಳಸಿ ಆಡುವುದಿಲ್ಲ. ಲಗ್ನವಾದ ಹೊಸದರಲ್ಲಿ ಒಂದು ದಿನ ನೆಟ್ಟಗೆ ಕೇಳಿದಳು: "ಅದು ಬ್ಯಾನಿ ಆಗ್ತದೇನ್ರಿ?"

"ಇಲ್ಲ."

"ಮತ್ತ ಬಿಡ್ರಿ. ಯಾಕ ಅಷ್ಟ ವಿಚಾರ ಮಾಡ್ತೀರಿ?"

ಅವಳ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಅವಳು ಮತ್ತೆಂದೂ ಅದರ ಬಗ್ಗೆ ಮಾತೆತ್ತಲಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಮುಗಿಯಬೇಕಲ್ಲ! ನಾನು ಸ್ನಾನದ ಮನೆಗೆ ಹೋಗುವಾಗಲೂ ಟವೆಲನ್ನು ಹೆಗಲಿಗಲ್ಲ, ಎದೆಗೆ ಹೊದ್ದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಇದ್ದವರು ಅವಳು ಮತ್ತು ಈಗ ನಮ್ಮ ಹೈಸ್ಕೂಲಿನಲ್ಲೇ ಓದುವ ಒಬ್ಬನೇ ಮಗ ಸಿದ್ದು, ಇಬ್ಬರೇ.

ಹೀಗೆಯೇ ನಿವೃತ್ತಿಯವರೆಗೆ ಜಾಕೀಟಿನಲ್ಲಿ ಸಾಗಿಹೋಗುತ್ತಿದ್ದೆನೋ ಏನೋ. ಆದರೆ ಹೋದ ವರ್ಷ ನಮ್ಮ ಶಾಲೆಯ ದೈಹಿಕ ಶಿಕ್ಷಕ ಖಾಜಾ ಸರ್ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕುಳಿತರು. ಖಾಜಾ ಸರ್ ಅಂದರೆ ನನ್ನ ಖಾಸಾ ದೋಸ್ತ. ಅವರು ದನಿ ತಗ್ಗಿಸಿದರೆ ಏನೋ ಗಂಭೀರ ಇದೆ ಎಂದೇ ಅರ್ಥ. ಮೈದಾನದಲ್ಲಿ ಕೂಗಿ ಕೂಗಿ ಅವರ ಪಿಸುಮಾತು ಕೂಡ ಗೇಟಿನವರೆಗೆ ಕೇಳಿಸುತ್ತದೆ.

"ಮಾಸ್ತರ, ಒಂದ್ ಮಾತ್ ಹೇಳ್ತೇನಿ, ಗುಸ್ಸಾ ಆಗಬ್ಯಾಡ್ರಿ. ಸಿದ್ದು ಕಬಡ್ಡಿಗಿ ಬರೋದು ಬಿಟ್ಟಾನ."

"ಯಾಕ್ರಿ? ಅವಗ ಕಬಡ್ಡಿ ಅಂದ್ರ ಜೀವ."

"ಅದೇ ನನಗೂ ಸಮಜ್ ಆಗವಲ್ದು. ಪ್ರ್ಯಾಕ್ಟೀಸಿನಾಗ ಒಂದ್ ಟೀಮ್ ಅಂಗಿ ಬಿಚ್ಚಬೇಕು, ಒಂದ್ ಟೀಮ್ ಅಂಗಿ ಹಾಕ್ಕೋಬೇಕು. ಗುರ್ತಿಗಿ. ನಿಮ್ಮ ಹುಡುಗ ಯಾವತ್ತಿದ್ರೂ ಅಂಗಿ ಟೀಮೇ ಬೇಕಂತಾನ. ಮೊನ್ನಿ ನಾನೇ ಆಚಿ ಟೀಮಿಗಿ ಹಾಕ್ದೆ. ಕಾಲ್ ನೋಯ್ತದಂತ ಮನಿಗಿ ಹೋದ. ಮತ್ತ ಬಂದಿಲ್ಲ."

ಬಾವಿಯ ದಂಡೆಯ ಕಲ್ಲು ಎಷ್ಟು ಕಾಯುತ್ತದೆ ಎಂಬುದು ಕುಳಿತವನಿಗೇ ಗೊತ್ತು. ಮನೆಗೆ ಬಂದು ಅಂಗಳದ ಹಗ್ಗ ನೋಡಿದೆ. ಸಿದ್ದುವಿನ ಬನಿಯನ್ನುಗಳು ಒಣಗಿಹಾಕಿದ್ದವು. ದಿನಕ್ಕೆ ಒಂದರಂತೆ ಅಲ್ಲ, ಎರಡರಂತೆ. ಹುಡುಗ ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದ. ಈ ಉಪಾಯ ಅವನಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಮಕ್ಕಳಿಗೆ ಹೊಲ ಮನೆ ಬಿಟ್ಟುಹೋಗುವ ತಂದೆಯರಿದ್ದಾರೆ. ನಾನು ಮಗನಿಗೆ ಇದನ್ನು ಬಿಟ್ಟೆ. ಸಂಜೆ ಅವನನ್ನು ಕರೆದು ಮಾತಾಡಬೇಕೆಂದು ಕೂರಿಸಿಕೊಂಡೆ. ಏನು ಹೇಳುವುದೆಂದು ತಿಳಿಯದೆ ಪೈಥಾಗೋರಸನ ಪ್ರಮೇಯ ಕೇಳಿದೆ. ಅವನು ಸರಿಯಾಗಿ ಹೇಳಿ ಎದ್ದುಹೋದ.

ಶೋಭಾಳೇ ದಾರಿ ಹೇಳಿದಳು. "ಹುಡುಗನ್ನ ಕಲಬುರ್ಗಿಗಿ ಕರ್ಕೊಂಡು ಹೋಗಿ ತೋರಸ್ರಿ. ಈಗ ಎಲ್ಲಾದಕ್ಕೂ ಡಾಕ್ಟರ್ ಅದಾರ." ನಾನೂ ಮನಸ್ಸಿನಲ್ಲಿ ನಿಶ್ಚಯಿಸಿಬಿಟ್ಟೆ: ಏನೇ ಖರ್ಚು ಬರಲಿ, ಮಗನಿಗೆ ಆಪರೇಷನ್ ಮಾಡಿಸಿಬಿಡುವುದು. ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತ. ನಾನು ಜಾಕೀಟಿನಲ್ಲಿ ಬೆವರುತ್ತ ತ್ಯಾಗಮಯಿ ತಂದೆಯ ಹಾಗೆ ಕುಳಿತೆ.

ಡಾಕ್ಟರು ಯಡ್ರಾಮಿ ಕಡೆಯವರಂತೆ. ಮಾತಿನಲ್ಲೇ ನಮ್ಮವರೆಂದು ತಿಳಿಯಿತು. ಸಿದ್ದುವನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದರು. ಯಾವುದಾದರೂ ಗುಳಿಗೆ ತಗೊಳ್ಳುತ್ತೀಯಾ, ಮೈ ಬೆಳೆಸುವ ಪುಡಿ-ಗಿಡಿ ತಿಂದಿದ್ದೀಯಾ, ನೋವಿದೆಯಾ ಎಂದೆಲ್ಲ ಕೇಳಿದರು. ಹೊರಗೆ ಬಂದು ಕೈ ತೊಳೆದುಕೊಂಡು, "ಚಿಂತಿ ಮಾಡೋದು ಬ್ಯಾಡ್ರಿ ಮಾಸ್ತರ. ಈ ವಯಸ್ಸಿನ ಎಷ್ಟೋ ಹುಡುಗರಿಗಿ ಹಿಂಗ ಆಗ್ತದ. ಮೈಯಾಗ ಹಾರ್ಮೋನು ಇನ್ನೂ ತಮ್ಮ ಜಾಗಾ ಹುಡುಕ್ತಿರ್ತಾವ. ಭಾಳ ಮಂದಿಗಿ ಒಂದೆರಡು ವರ್ಷದಾಗ ತಾನಾಗೇ ಇಳೀತದ. ಈಗ ಕತ್ರಿ ಹಚ್ಚೋದಿಲ್ಲ. ಆರು ತಿಂಗಳಿಗೊಮ್ಮಿ ತೋರಸ್ರಿ, ಸಾಕು" ಎಂದರು.

ನಾನು ಬಿಡಲಿಲ್ಲ. "ಇಳೀದಿದ್ರ ಡಾಕ್ಟ್ರ? ಕೆಲವ್ರಿಗಿ ಇಳಿಯೋದೇ ಇಲ್ಲಂತಲ್ರಿ. ಅಂಥವರ ಜೀವನ ಎಷ್ಟು ಕಷ್ಟ ಇರ್ತದಂದ್ರ..." ಎಂದು ಶುರು ಮಾಡಿದವನು ಬಾವಿ, ನಾಟಕ, ದಂಡ, ಎಲ್ಲವನ್ನೂ 'ನನಗೆ ಪರಿಚಯದ ಒಬ್ಬರು' ಎಂಬ ಹೆಸರಿನಲ್ಲಿ ವಿವರಿಸಿದೆ. ಡಾಕ್ಟರು ಶಾಂತವಾಗಿ ಕೇಳಿದರು. ಆಮೇಲೆ ನನ್ನ ಕುತ್ತಿಗೆಯಿಂದ ಹರಿಯುತ್ತಿದ್ದ ಬೆವರು ನೋಡಿದರು, ಜಾಕೀಟು ನೋಡಿದರು.

"ಮಾಸ್ತರ, ಇಂಥ ಬಿಸಿಲಾಗ ಇದ್ಯಾಕ?"

"ರೂಢಿ ಆಗ್ಯದ್ರಿ."

"ಜರಾ ಬಿಚ್ರಿ."

"ಪೇಷಂಟ್ ಹುಡುಗ್ರಿ ಡಾಕ್ಟ್ರ, ನಾನಲ್ಲ."

"ಹುಡುಗಂದು ನೋಡಿ ಆತಲ್ರಿ. ಈಗ ನಿಮಗ ಪರಿಚಯ ಇದ್ದವ್ರನ್ನ ನೋಡೋಣು."

ಮಗನ ಎದುರು ಎಂದೂ ಬಿಚ್ಚದ ಜಾಕೀಟನ್ನು ಬಿಚ್ಚಿದೆ. ಕೆಳಗಿನ ಅಂಗಿ ಬೆವರಿಗೆ ಮೈಗಂಟಿಕೊಂಡು, ಮುಚ್ಚಿಡುವಂಥದು ಏನೂ ಉಳಿಯಲಿಲ್ಲ. ಸಿದ್ದು ನೋಡಿದ. ನನ್ನ ಮುಖ ನೋಡಿದ, ಮತ್ತೆ ನೋಡಿದ. "ಅಪ್ಪಾ, ನಿನಗೂ?" ಎಂದ. ಆ ದನಿಯಲ್ಲಿ ಕನಿಕರ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಜಾತ್ರೆಯಲ್ಲಿ ಕಳೆದುಹೋದ ಹುಡುಗನಿಗೆ ತನ್ನೂರಿನವರು ಸಿಕ್ಕ ಹಾಗೆ ಅವನ ಮುಖ ಅರಳಿತ್ತು. ಅವನು ನಕ್ಕೇಬಿಟ್ಟ. ಅವನು ನಕ್ಕಿದ್ದನ್ನು ನೋಡಿ ಎಷ್ಟು ದಿನ ಆಗಿತ್ತೆಂದು ನನಗೆ ಆಗ ನೆನಪಾಯಿತು. ನಾನೂ ನಕ್ಕೆ. ಡಾಕ್ಟರು ಮಾತ್ರ ನಗದೆ, ಜಾಕೀಟನ್ನು ಮೊಳೆಗೆ ತಗುಲಿಸಿ ನನ್ನನ್ನು ಪರದೆಯ ಹಿಂದೆ ಕರೆದೊಯ್ದರು.

ಮಗಂದು ಇಳಿಯುತ್ತದೆ, ನಿಮ್ಮದು ಇಳಿಯುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಇಷ್ಟು ವರ್ಷ ಉಳಿದ ಗ್ರಂಥಿ ಗಟ್ಟಿಯಾಗಿಬಿಟ್ಟಿರುತ್ತದೆ. ಊಟ ಬಿಟ್ಟರೂ ಕರಗದು, ದಂಡ ಹೊಡೆದರೂ ಕರಗದು. ಇದಕ್ಕೆ ಗೈನೆಕೊಮಾಸ್ಟಿಯಾ ಎನ್ನುತ್ತಾರಂತೆ. ಹೆಸರಿನಲ್ಲೇ ಮುಕ್ಕಾಲು ಮಾಸ್ತರ ಇದ್ದಾನಲ್ಲ ಎಂದುಕೊಂಡೆ. ಬೇಕಾದರೆ ತೆಗೆಯಬಹುದು, ಬೇಡವಾದರೆ ಹೀಗೇ ಇರಬಹುದು, ಜೀವಕ್ಕೇನೂ ಅಪಾಯವಿಲ್ಲ, ಆದರೂ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಳ್ಳೋಣ ಎಂದರು. ಮಗನ ಆಪರೇಷನ್ನಿಗೆಂದು ಹೋದ ತಂದೆ ತನ್ನದೇ ಚೀಟಿ ಹಿಡಿದುಕೊಂಡು ಬಂದ.

ಶೋಭಾ ಮೊದಲು ಒಪ್ಪಲಿಲ್ಲ. ಸಿದ್ದುವಿನ ವಿಷಯ ಕೇಳಿ ಖುಷಿಪಟ್ಟವಳು ನನ್ನ ವಿಷಯ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೆಟ್ಟಗಿದ್ದ ಮೈಗಿ ಯಾಕ ಚಾಕು ಹಾಕಸ್ಕೋತೀರಿ? ಹೆಚ್ಚುಕಮ್ಮಿ ಆದ್ರ ನಾವೇನು ಮಾಡೋಣು? ಇಷ್ಟು ವರ್ಷ ಆತು, ಯಾರ ನೋಡ್ತಾರ ಈಗ?" ಅವಳಿಗೆ ಸಿಟ್ಟು ಬಂದಿಲ್ಲ, ಹೆದರಿಕೆಯಾಗಿದೆ ಎಂದು ನನಗೆ ಗೊತ್ತಾಯಿತು. ಸಿಟ್ಟು ಬಂದರೆ ಅವಳು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿಯುತ್ತಾಳೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ವಯಸ್ಸಿನಲ್ಲಿ ನಾನು ಯಾರಿಗೆ ಚೆಂದ ಕಾಣಬೇಕಾಗಿತ್ತು? ನಿಜವಾದ ಉತ್ತರವನ್ನೇ ಹೇಳಿದೆ: "ಒಮ್ಮಿ ಬರೇ ಅಂಗಿ ಮ್ಯಾಲ ಬಜಾರಕ್ಕ ಹೋಗಿ ಬರಬೇಕು ಅನಸ್ತದ, ಶೋಭಾ. ಗಾಳಿ ಬಡೀಬೇಕು."

"ಅಷ್ಟಕ್ಕ?"

"ಅಷ್ಟಕ್ಕ."

ಅವಳು ಒಂದು ರೊಟ್ಟಿ ಬಡಿದು ಮುಗಿಸಿದಳು. ಆಮೇಲೆ, "ದಸರಾ ಸೂಟ್ಯಾಗ ಮಾಡಸ್ರಿ. ಸಾಲಿ ತಪ್ಪೋದು ಬ್ಯಾಡ" ಎಂದಳು.

ರಕ್ತ ಪರೀಕ್ಷೆ, ಸ್ಕ್ಯಾನಿಂಗಿನಲ್ಲಿ ಬೇರೇನೂ ಕಾಣಲಿಲ್ಲ. ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ಯಾರಿಗೂ ಕಾಣದಂತೆ ಹಾಕುತ್ತಿದ್ದ ತಂಬಾಕು ಬಿಡಬೇಕು, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ ಎಂದರು. ಬಿಟ್ಟೆ. ನಾನು ಹಾಕುತ್ತಿದ್ದದ್ದು ಶೋಭಾಳಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಈ ಮನೆಯಲ್ಲಿ ನಾನು ಬಚ್ಚಿಟ್ಟದ್ದು ಯಾವುದೂ ಗುಟ್ಟಾಗಿ ಉಳಿದಿರಲಿಲ್ಲ. ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ನನ್ನನ್ನು ನೆಟ್ಟಗೆ ನಿಲ್ಲಿಸಿ ಎದೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಕಂಪಾಸಿಲ್ಲದೆ ವೃತ್ತ, ವೃತ್ತದ ಸುತ್ತ ಇನ್ನೊಂದು ವೃತ್ತ. ಎಡಗಡೆಯ ವೃತ್ತ ಸ್ವಲ್ಪ ಸೊಟ್ಟಗಾಗಿದೆ ಎಂದು ನಾನು ಹೇಳಿದೆ. "ಗೆರಿ ಸೊಟ್ಟ ಇಲ್ರಿ ಮಾಸ್ತರ, ನೀವು ಸೊಟ್ಟ ನಿಂತೀರಿ. ಭುಜ ಮ್ಯಾಲ ಮಾಡ್ರಿ" ಎಂದರು. ಅಷ್ಟು ವರ್ಷ ಗೂನು ಹಾಕಿ ನಡೆದವನಿಗೆ ನೆಟ್ಟಗೆ ನಿಲ್ಲುವುದೇ ಮರೆತುಹೋಗಿತ್ತು. ಪೂರ್ತಿ ಅರಿವಳಿಕೆ ಕೊಟ್ಟಿದ್ದರಿಂದ ಮುಂದಿನದೇನೂ ನನಗೆ ಗೊತ್ತಿಲ್ಲ. ತೆಳ್ಳನೆಯ ಕೊಳವೆಯಿಂದ ಕೊಬ್ಬು ಹೀರಿ, ಮೊಲೆತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಸಣ್ಣಗೆ ಕೊಯ್ದು ಗ್ರಂಥಿ ತೆಗೆದರಂತೆ. ಎಚ್ಚರವಾದಾಗ ಮಧ್ಯಾಹ್ನವಾಗಿತ್ತು, ಯಾರೋ ಎದೆಯ ಮೇಲೆ ಜೋಳದ ಚೀಲ ಇಟ್ಟು ಮರೆತು ಹೋದ ಹಾಗೆ ಭಾರ. ಅದು ನೋವಲ್ಲ, ಹೊಸ ಬನಿಯನ್ನು ಎಂದು ನರ್ಸು ಹೇಳಿದಳು.

ಆ ಬನಿಯನ್ನಿನ ಬಗ್ಗೆ ಹೇಳಲೇಬೇಕು. ಬಾವು ಇಳಿಯಲೆಂದು ಹಾಕುವ ಬಿಗಿ ಬನಿಯನ್ನು ಅದು. ಹಗಲೂ ರಾತ್ರಿ, ವಾರಗಟ್ಟಲೆ. ಜಾಕೀಟಿನಿಂದ ಬಿಡುಗಡೆಯಾಗಲೆಂದು ಹೋದವನು ಅದರ ಅಪ್ಪನ ಕೈಗೆ ಸಿಕ್ಕಿದ್ದೆ. ಮರುದಿನ ಮನೆಗೆ ಕಳಿಸಿದರು. ಅಂಗಾತ ಮಲಗಬೇಕು. ತಲೆಯ ಮೇಲಕ್ಕೆ ಕೈ ಎತ್ತಬಾರದು. ಕೊಡ ಎತ್ತಬಾರದು, ಸ್ಕೂಟರ್ ಮುಟ್ಟಬಾರದು, ಆದರೆ ಮಲಗಿಯೇ ಇರಬಾರದು, ಅಂಗಳದಲ್ಲಿ ಅಡ್ಡಾಡಬೇಕು. ಕಪಾಟಿನ ಮೇಲಿನ ಡಬ್ಬಿ ತೆಗೆದುಕೊಡಿ ಎಂದು ಶೋಭಾ ಕೇಳದೆ ಇದ್ದ ಅವಧಿ ನಮ್ಮ ಸಂಸಾರದಲ್ಲಿ ಅದೊಂದೇ. "ಬಾವು ಇದ್ದಾಗ ಕನ್ನಡ್ಯಾಗ ನೋಡ್ಕೊಂಡು ನನಗ ಬೈಬ್ಯಾಡ್ರಿ, ಖರೇ ಆಕಾರ ಬರ್ಲಿಕ್ಕಿ ತಿಂಗಳುಗಟ್ಲೆ ಬೇಕು" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬೇಡವೆಂದದ್ದನ್ನೇ ಮಾಡುವುದು ನನ್ನ ಗುಣ. ಪಟ್ಟಿ ಬದಲಿಸಿ ಬಂದ ದಿನ ಕನ್ನಡಿಯ ಮುಂದೆ ನಿಂತೆ. ಎದೆ ಬದನೆಕಾಯಿಯ ಬಣ್ಣವಾಗಿತ್ತು; ಮೊದಲಿಗಿಂತ ಒಂದು ಕೈ ಹೆಚ್ಚೇ ಊದಿತ್ತು; ಮುಟ್ಟಿದರೆ ಬೇರೆ ಯಾರದೋ ಮೈ ಮುಟ್ಟಿದ ಹಾಗೆ ಮರಗಟ್ಟಿತ್ತು. ಹಾಸಿಗೆಯ ಮೇಲೆ ಕುಳಿತು, ಹೋದದ್ದೂ ಹೋಗಲಿಲ್ಲ, ಇದ್ದದ್ದೂ ಕೆಟ್ಟಿತು ಎಂದು ಸಣ್ಣಗೆ ಅತ್ತೆ. ಸಿದ್ದು ಬಾಗಿಲಲ್ಲಿ ನಿಂತು, "ಅಪ್ಪಾ, ತಡೀಬೇಕು ಅಂತ ಡಾಕ್ಟ್ರು ಇಬ್ರಿಗೂ ಹೇಳ್ಯಾರ" ಎಂದ. ನನಗಿಂತ ಅವನಿಗೇ ತಾಳ್ಮೆ ಹೆಚ್ಚಿತ್ತು.

ಇಷ್ಟರಲ್ಲಿ ಊರಲ್ಲಿ ಬೇರೆಯದೇ ನಡೆದಿತ್ತು. ಮಾಸ್ತರು ಕಾಣುತ್ತಿಲ್ಲವಲ್ಲ ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ ಶೋಭಾ ಸುಳ್ಳು ಹೇಳಲಾರದೆ, ಪೂರ್ತಿ ನಿಜವನ್ನೂ ಹೇಳಲಾರದೆ, "ಎದಿ ಆಪರೇಷನ್ ಆಗ್ಯದ್ರಿ" ಎಂದಿದ್ದಳು. ಎದೆ ಆಪರೇಷನ್ ಎಂದರೆ ಜಗತ್ತಿಗೆಲ್ಲ ಒಂದೇ ಅರ್ಥ. ಸಂಜೆಯ ಹೊತ್ತಿಗೆ ನನಗೆ ಹಾರ್ಟ್ ಅಟ್ಯಾಕ್ ಆಗಿ ಬೈಪಾಸ್ ಮಾಡಿದ್ದಾರೆಂದು ಅಫಜಲಪುರ ತುಂಬ ಸುದ್ದಿ. ಸಾಲುಸಾಲಾಗಿ ಜನ ಬಂದರು. ಎಳನೀರು, ಸೇಬು, ದಾಳಿಂಬೆ ಮೂಲೆಯಲ್ಲಿ ಗುಡ್ಡೆಬಿದ್ದವು. ಎಣ್ಣೆ ಬಿಡಿ, ಉಪ್ಪು ಬಿಡಿ ಎಂದು ಎಲ್ಲರೂ ಹೇಳಿದರು. ಶೋಭಾ ಅವರ ಎದುರಿಗೆ ಮರ್ಯಾದೆಗೆಂದು ನನಗೆ ಉಪ್ಪಿಲ್ಲದ ಬೇಳೆ ಬಡಿಸಿದಳು. ಅವರು ಎದ್ದುಹೋಗುವವರೆಗೂ ಅದನ್ನು ಉಣ್ಣಬೇಕಾಯಿತು.

ನಮ್ಮ ನಿವೃತ್ತ ಹೆಡ್‌ಮಾಸ್ತರು ಪಾಟೀಲರು ಕೋಲು ಊರಿಕೊಂಡು ಬಂದು ತಲೆದೆಸೆಯಲ್ಲೇ ಕುಳಿತರು. ಅವರಿಗೆ ನಿಜವಾಗಿಯೂ ಬೈಪಾಸ್ ಆಗಿತ್ತು. ತಮ್ಮ ಜಾತಿಯ ರೋಗಿ ಸಿಕ್ಕನೆಂದು ಅವರಿಗೆ ಒಳಗೊಳಗೇ ಸಂತೋಷ.

"ನಂದು ಮೂರು ಬ್ಲಾಕ್ ಇದ್ವು. ನಿಮ್ಮವು ಎಷ್ಟು?"

ನಾನು ಗಣಿತದ ಮಾಸ್ತರ. ಸಂಖ್ಯೆ ಕೇಳಿದರೆ ಸುಳ್ಳು ಬಾಯಿಗೆ ಬರುವುದಿಲ್ಲ. "ಎರಡ್ರಿ ಸರ್" ಎಂದೆ.

"ಎಡಕ್ಕೋ ಬಲಕ್ಕೋ?"

"ಎಡಕ್ಕೊಂದು, ಬಲಕ್ಕೊಂದು."

"ಬರೋಬ್ಬರಿ ಅದ. ಎಷ್ಟು ಪರ್ಸೆಂಟ್ ಇದ್ವು?"

"ಪೂರಾ ಇದ್ವು ಸರ್. ಪೂರಾ ತೆಗದಾರ."

ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು ಬಂತು. ಶೋಭಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳಂತೆ. ನನಗೂ ನಗು ಬಂತು, ಆದರೆ ನಕ್ಕರೆ ಹೊಲಿಗೆ ಜಗ್ಗುತ್ತದೆ. ನಾನು ಮುಖ ಕಿವುಚಿದ್ದನ್ನು ನೋಡಿ ಪಾಟೀಲರು ಕಣ್ಣೀರು ತಂದುಕೊಂಡು, "ಧೈರ್ಯ ಬಿಡಬ್ಯಾಡ್ರಿ" ಎಂದು ಕೈ ಹಿಡಿದರು.

ಸುದ್ದಿ ಕೊಳಕೂರಿಗೂ ಮುಟ್ಟಿತು. ಮರುದಿನ ಅವ್ವ ಅಂಗಳದಿಂದಲೇ ಅಳುತ್ತ ಬಂದಳು, ಬಗಲಲ್ಲಿ ರೊಟ್ಟಿಯ ಗಂಟು. ಜೇವರ್ಗಿಯಲ್ಲಿ ಒಮ್ಮೆ, ಕಲಬುರ್ಗಿಯಲ್ಲಿ ಇನ್ನೊಮ್ಮೆ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅತ್ತುಕೊಂಡೇ ಬಂದಿದ್ದಳು. ಅವಳ ಎದುರು ನಾಟಕ ಆಡಲಾಗಲಿಲ್ಲ. ಒಳಗೆ ಕರೆದು ಬಾಗಿಲು ಹಾಕಿ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಅದಾ? ಅದನ್ನ ತೆಗೀಲಿಕ್ಕಿ ಬರ್ತದೇನಪಾ ಈಗ?"

"ಬರ್ತದಬೇ."

"ಅವಾಗ ಇಂಥಾ ಡಾಕ್ಟರ್ ಎಲ್ಲಿದ್ರು. ಹೆತ್ತಾಕಿಗಿ ಗೊತ್ತಾಗಂಗಿಲ್ಲೇನು? ಏನ ಕೇಳಿದ್ರ ನೀ ಎಲ್ಲಿ ನೊಂದ್ಕೋತಿ ಅಂತ ಸುಮ್ನಿದ್ದೆ. ನಿನಗ ಎರಡೂ ಕಡಿ ಕಿಸೆ ಇಟ್ಟು ಅಂಗಿ ಹೊಲಸ್ತಿದ್ದೆ, ನೆಪ್ಪದೇನು? ಕಿಸೆ ಇದ್ರ ಕಾಣಂಗಿಲ್ಲಂತ."

ನೆನಪಿತ್ತು. ಇಡೀ ಶಾಲೆಯಲ್ಲಿ ಎರಡು ಕಿಸೆಯ ಅಂಗಿ ನನಗೊಬ್ಬನಿಗೇ ಇತ್ತು. ಅದು ಅವ್ವನ ಶೋಕಿ ಎಂದುಕೊಂಡಿದ್ದೆ. ಅವ್ವ ಗಂಟು ಬಿಚ್ಚಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೆಗೆದು, "ಹಂಗಾರ ಉಪ್ಪು ಖಾರ ತಿನಬೌದಲ್ಲ, ತಿನ್ನು" ಎಂದಳು. ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಹಿಂಡಿಯ ಖಾರ ಒಂದು ನೆವವಾಯಿತು.

ಖಾಜಾ ಸರ್‌ಗೂ ನಿಜ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಅರೇ, ಅದಕ್ಕೇ ಏನು ಈದಿಗಿ ಗಲೇ ಮಿಲ್ಲಾಕ, ತಬ್ಕೊಳ್ಳಾಕ ಬಂದ್ರ ಬರೇ ಕೈ ಮುಂದ ಮಾಡ್ತಿದ್ರಿ? ನಾ ಏನ್ ತಿಳ್ಕೊಂಡಿದ್ದೆ ಗೊತ್ತದೇನು? ನಿಮಗ ಅತ್ತರ್ ವಾಸ್ನಿ ಆಗಿಬರಂಗಿಲ್ಲಂತ! ಎಷ್ಟ್ ವರ್ಷಾತು, ನಿಮ್ಮ ಮನಿಗಿ ಬರೋ ದಿನ ನಾ ಅತ್ತರ್ ಹಚ್ಚೋದೇ ಬಿಟ್ಟೇನಿ ಮಾಸ್ತರ!" ನನ್ನದೊಂದು ಗುಟ್ಟಿಗಾಗಿ ಈ ಮನುಷ್ಯ ಅಷ್ಟು ಹಬ್ಬಗಳನ್ನು ಪರಿಮಳವಿಲ್ಲದೆ ಕಳೆದಿದ್ದರು. ರಮ್ಜಾನ್ ಹಬ್ಬದ ಹೊತ್ತಿಗೆ ಬಿಗಿ ಬನಿಯನ್ನು ಹೋಗಿತ್ತು. ಆ ದಿನ ಅವರು ಇಡೀ ಓಣಿಗೆ ಸಾಲುವಷ್ಟು ಅತ್ತರು ಹಚ್ಚಿಕೊಂಡು ಬಂದು, ರೂಢಿಯ ಮೂರು ಸಲ ಅಲ್ಲ, ಬಾಕಿ ಎಲ್ಲ ಸೇರಿಸಿ ತಬ್ಬಿಕೊಂಡರು. ಗಾಯ ಮಾಯ್ದಿದ್ದರಿಂದ ಬಚಾವಾದೆ.

ಅಷ್ಟರಲ್ಲಿ ಡಾಕ್ಟರು ಹೇಳಿದ ಹಾಗೆಯೇ ಆಗಿತ್ತು. ಬದನೆಕಾಯಿ ಬಣ್ಣ ಅರಿಶಿಣವಾಗಿ, ಅರಿಶಿಣ ಮೈಬಣ್ಣವಾಗಿ ತಿರುಗಿತು. ಬಾವು ಎಂದು ಇಳಿಯಿತೋ ನನಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡಾಗ ಕಿಸೆಯಲ್ಲಿಟ್ಟ ಪೆನ್ನು ನೆಟ್ಟಗೆ ನಿಂತಿತ್ತು. ಎಲ್ಲ ಹೇಳಿ ಮಾಡಿಸಿದ ಹಾಗಾಗಿದೆ ಎಂದರೆ ಸುಳ್ಳಾಗುತ್ತದೆ. ಎಡಕ್ಕೂ ಬಲಕ್ಕೂ ಒಂದೆಳೆ ವ್ಯತ್ಯಾಸವಿದೆ. ಒಂದು ಕಡೆ ಬೆರಳಗಲ ಜಾಗ ಇನ್ನೂ ಮರಗಟ್ಟಿದಂತಿದೆ. ಗೀರಿನಂಥ ಕಲೆ ಹುಡುಕಿದರೆ ಕಾಣುತ್ತದೆ. ಮೈ ಬೆಳೆಸಿಕೊಂಡರೆ ಕೊಬ್ಬು ಮತ್ತೆ ಸೇರಬಹುದು ಎಂದು ಡಾಕ್ಟರು ಹೆದರಿಸಿದ್ದಾರೆ. ಆದರೆ ಬೆನ್ನು ನೆಟ್ಟಗಾಗಿದೆ. ಜಾಕೀಟಿಲ್ಲದೆ ಬಜಾರಕ್ಕೆ ಹೋದ ಮೊದಲ ದಿನ ಗಾಳಿ ಖರೇ ಖರೇ ಬಡಿಯಿತು. ಚಹಾದಂಗಡಿಯವನು, "ಏನ್ ಸಾಹೇಬ್ರ, ರಾಜಕೀಯ ಬಿಟ್ಟಿರೇನು?" ಎಂದು ಮರುಗಿದ. ಎದ್ದು ಜಾಗ ಯಾರೂ ಕೊಡಲಿಲ್ಲ. ನಿಂತೇ ಕುಡಿದೆ, ಚಹಾ ಚೆನ್ನಾಗಿತ್ತು.

ಬೇಸಿಗೆ ರಜೆಯಲ್ಲಿ ನನ್ನ ಅತ್ತೆಯವರು ಆಳಂದದಿಂದ ಬಂದರು. ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನ ಮಾಡಬೇಕೆಂದರು. ಎಲ್ಲರೂ ಹೊರಟೆವು. ಭೀಮಾ ನದಿಯ ಪಾವಟಿಗೆಯ ಮೇಲೆ ಜನವೋ ಜನ. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಗೆ ಹೋಗುವವರು, ಬಂದವರು. ನಾನು ಅಂಗಿಯ ಮೊದಲ ಗುಂಡಿಗೆ ಕೈ ಹಾಕಿ ಸುತ್ತ ನೋಡುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಹಾರಿ ನೀರು ಸಿಡಿಯಿತು. ಸಿದ್ದು. ಅಂಗಿಯೂ ಬನಿಯನ್ನುಗಳೂ ಮೆಟ್ಟಿಲ ಮೇಲೆ ಗುಪ್ಪೆಯಾಗಿ ಬಿದ್ದಿದ್ದವು. ಅವನದು ಇನ್ನೂ ಪೂರಾ ಇಳಿದಿರಲಿಲ್ಲ, ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು ಗೊತ್ತಿಲ್ಲದ ಹುಡುಗರ ಮೇಲೆ ನೀರೆರಚಿ ಆಗಲೇ ಜಗಳ ಶುರು ಮಾಡಿದ್ದ. "ಅಪ್ಪಾ, ಬಾರೋ!" ಎಂದು ಕೂಗಿದ.

ನಾನು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ. ಅಂಗಿ ಮಡಚಿಟ್ಟೆ. ಬನಿಯನ್ನು ತೆಗೆದು ಅದನ್ನೂ ಮಡಚಿಟ್ಟೆ. ಆಮೇಲೆ ಭುಜ ಮೇಲೆ ಮಾಡಿ, ಜಗತ್ತು ನೋಡಲಿ ಎಂದು ನಿಂತೆ. ಒಂದು ಸಂಸಾರ ಸಾಬೂನು ಯಾರು ಕಳೆದದ್ದು ಎಂದು ವಾದಿಸುತ್ತಿತ್ತು. ಒಬ್ಬ ಅಪ್ಪ ಅಳುವ ಕೂಸಿನ ತಲೆಗೆ ನೀರು ಹಾಕುತ್ತಿದ್ದ. ಶೋಭಾ ತನ್ನ ಅವ್ವನ ಕೈ ಹಿಡಿದು ಇಳಿಸುವುದರಲ್ಲಿದ್ದಳು. ಯಾರೂ ನೋಡಲಿಲ್ಲ. ಇಷ್ಟು ವರ್ಷ ಯಾರೂ ನೋಡಬಾರದೆಂದು ಒದ್ದಾಡಿದವನಿಗೆ, ಯಾರೂ ನೋಡುತ್ತಿಲ್ಲವಲ್ಲ ಎಂದು ಬೇಜಾರಾದದ್ದು ಸುಳ್ಳಲ್ಲ. ಒಮ್ಮೆ ಕೆಮ್ಮಿದೆ ಕೂಡ. ಆಗ ತುಂಬಿದ ತಂಬಿಗೆ ಹಿಡಿದು ಮೇಲೆ ಬರುತ್ತಿದ್ದ ಮುದುಕಿಯೊಬ್ಬಳು ನನ್ನ ಮುಂದೆ ನಿಂತು, ಕೆಳಗಿನಿಂದ ಮೇಲಿನವರೆಗೆ ಚೆನ್ನಾಗಿ ನೋಡಿದಳು. ನಾನು ಎದೆ ಇನ್ನಷ್ಟು ಮುಂದೆ ಮಾಡಿದೆ.

"ತಮ್ಮಾ," ಎಂದಳು, "ಜರಾ ಆಚಿ ಸರಿಯಪ್ಪಾ. ನಡು ಹಾದ್ಯಾಗ ಕಂಬ ನಿಂತಂಗ ನಿಂತೀದಿ, ಮಂದಿ ಹೆಂಗ ಹೋಗಬೇಕು?"